ಫೋಟೋದ ಕಾಡು, ಜಲವರ್ಣದ ಕಾಡು

ನಾಗರಹೊಳೆಯ ಸಫಾರಿಗೆ ಹೋದವರು ವಾಹನದಿಂದ ಕೆಳಗಿಳಿಯುವಂತಿಲ್ಲ. ಈಸೆಲ್ ನಿಲ್ಲಿಸಿ, ನೀರಿನ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಎರಡು ಗಂಟೆ ಮರ ನೋಡುತ್ತ ಕೂರುವುದಂತೂ ದೂರದ ಮಾತು. ಆಗುಂಬೆಯ ಕಡೆ ರಸ್ತೆಬದಿಯಲ್ಲಿ ಕೂರಬಹುದಾದರೂ ಮಳೆಗಾಲ ಶುರುವಾದ ಮೇಲೆ ಉಂಬಳ ಕೂರಗೊಡುವುದಿಲ್ಲ, ಗಾಳಿಯಲ್ಲಿ ತುಂಬಿದ ತೇವಕ್ಕೆ ಬಳಿದ ಬಣ್ಣ ಆರುವುದೂ ಇಲ್ಲ. ಹಾಗಾಗಿ ನಮ್ಮ ಕಾಡನ್ನು ಜಲವರ್ಣದಲ್ಲಿ ಬರೆಯಬೇಕೆನ್ನುವ ಬಹುತೇಕರಿಗೆ ಫೋಟೋ ಬೇಕೇ ಬೇಕು. ಅದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಬರುವುದು ಫೋಟೋದಲ್ಲಿ ಇರುವುದನ್ನೆಲ್ಲ ಹಾಳೆಗೆ ಇಳಿಸಲು ಹೊರಟಾಗ.

ಉದಾಹರಣೆಗೆ ಒಂದು ಫೋಟೋ ಇಟ್ಟುಕೊಳ್ಳೋಣ. ಅಕ್ಟೋಬರ್ ತಿಂಗಳ ಬೆಳಿಗ್ಗೆ, ನಾಗರಹೊಳೆಯ ಒಳದಾರಿ. ಎಡಕ್ಕೆ ನುಣುಪಾದ ಬಿಳಿಚು ಕಾಂಡದ ನಂದಿ ಮರ, ಬಲಕ್ಕೆ ಬಿದಿರ ಮೆಳೆ, ಅದರಾಚೆ ಸೀಳುಸೀಳು ತೊಗಟೆಯ ಮತ್ತಿ. ನಡುವೆ ಕೆಮ್ಮಣ್ಣಿನ ದಾರಿ ಒಳಕ್ಕೆ ಹೋಗಿ ತಿರುಗುತ್ತದೆ. ತಿರುವಿನಾಚೆ ಮಂಜು. ಮಳೆ ನಿಂತು ಕೆಲವೇ ವಾರಗಳಾಗಿರುವುದರಿಂದ ಎಲ್ಲೆಲ್ಲೂ ಹಸಿರು. ಮೊಬೈಲ್‌ನಲ್ಲಿ ತೆಗೆದ, ನೋಡಿದರೆ ಚೆಂದವೆನ್ನಿಸುವ ಫೋಟೋ.

ಈ ಫೋಟೋ ಕೆಲವು ವಿಷಯಗಳನ್ನು ಸರಿಯಾಗಿ ಹೇಳುವುದಿಲ್ಲ. ಮೊಬೈಲ್‌ಗಳ ಮುಖ್ಯ ಲೆನ್ಸ್ ಸಾಮಾನ್ಯವಾಗಿ ಅಗಲ ನೋಟದ್ದು. ಹತ್ತಿರದ್ದನ್ನು ದೊಡ್ಡದು ಮಾಡಿ, ದೂರದ್ದನ್ನು ಕುಗ್ಗಿಸುತ್ತದೆ. ದಾರಿಯ ತಿರುವಿನಲ್ಲಿ ಕಣ್ಣಿಗೆ ಎತ್ತರವಾಗಿ ಕಂಡ ಮರಗಳ ಸಾಲು ಫೋಟೋದಲ್ಲಿ ಗಿಡ್ಡ ಪೊದೆಯಾಗಿಬಿಟ್ಟಿರುತ್ತದೆ. ಮರದ ನೆತ್ತಿ ಸಿಗಲೆಂದು ಮೊಬೈಲನ್ನು ಮೇಲಕ್ಕೆ ಓರೆ ಮಾಡಿದರೆ ಕಾಂಡಗಳೆಲ್ಲ ಒಳಕ್ಕೆ ವಾಲುತ್ತವೆ. ಆಕಾಶದ ಹೊಳಪಿಗೆ ಹೊಂದಿಸಿಕೊಂಡಾಗ ನೆರಳಿನ ಜಾಗ ಬರೀ ಕಪ್ಪು. ನೆರಳಿಗೆ ಹೊಂದಿಸಿಕೊಂಡಾಗ ಆಕಾಶ ಬರೀ ಬಿಳಿ. ಎಚ್‌ಡಿಆರ್ ಎಂಬ ಮೊಬೈಲಿನ ಸೌಲಭ್ಯ ಎರಡನ್ನೂ ಸರಿದೂಗಿಸಲು ಹೋಗಿ ಬೆಳಕಿಗೂ ನೆರಳಿಗೂ ಇದ್ದ ಅಂತರವನ್ನೇ ಸವೆಸುತ್ತದೆ. ಸಾಲದ್ದಕ್ಕೆ ಹಸಿರನ್ನು ಇನ್ನಷ್ಟು ಹಸಿರು ಮಾಡಿ, ಮಂಜಿನಲ್ಲಿ ಮಾಸಿದ ದೂರದ ಅಂಚುಗಳನ್ನೂ ಚೂಪುಗೊಳಿಸುತ್ತದೆ. ಕಾಡಿಗೆ ಆಳ ತಂದುಕೊಡುವುದು ಅದೇ ಮಾಸಿದ ಅಂಚು. ಫೋಟೋ ಕಳೆದ ಆ ಆಳವನ್ನು ಚಿತ್ರ ಬರೆಯುವವರು ಮರಳಿ ಕೊಡಬೇಕು.

ಇದಕ್ಕೆ ಮೊದಲ ಉಪಾಯ ತೀರಾ ಸರಳ: ಫೋಟೋವನ್ನು ಕಪ್ಪು-ಬಿಳುಪು ಮಾಡಿ ನೋಡುವುದು. ಹಸಿರಿನ ಮೋಹ ಕಳಚಿದ ಕೂಡಲೇ ಯಾವುದು ಬೆಳಕು, ಯಾವುದು ನಡು ಛಾಯೆ, ಯಾವುದು ಗಾಢ ಎಂಬುದು ಬಿಚ್ಚಿಕೊಳ್ಳುತ್ತದೆ. ಕಣ್ಣನ್ನು ಅರೆಮುಚ್ಚಿ ನೋಡಿದರೆ ಇನ್ನೂ ಸ್ಪಷ್ಟ. ಆಮೇಲೆ ಅಂಗೈಯೊಳಗೆ ಹಿಡಿಸುವಷ್ಟು ಚಿಕ್ಕ ಚೌಕದಲ್ಲಿ ಪೆನ್ಸಿಲಿನಿಂದ ಮೂರೇ ಛಾಯೆಗಳ ಕರಡು. ಎಲೆ ಬೇಡ, ತೊಗಟೆ ಬೇಡ. ಬೆಳಕಿನ ಆಕಾರ, ನಡುವಿನ ಆಕಾರ, ಕತ್ತಲ ಆಕಾರ ಅಷ್ಟೇ ಸಾಕು. ಹೀಗೆ ಎರಡು ಮೂರು ಕರಡು ಮಾಡಿದರೆ ಚಿತ್ರದ ಅರ್ಧ ಕೆಲಸ ಕುಂಚ ಒದ್ದೆಯಾಗುವ ಮೊದಲೇ ಮುಗಿದಿರುತ್ತದೆ. ತೈಲವರ್ಣದಲ್ಲಿ ಕತ್ತಲ ಮೇಲೆ ಬೆಳಕನ್ನು ಹಚ್ಚಬಹುದು. ಜಲವರ್ಣದಲ್ಲಿ ಬೆಳಕೆಂದರೆ ಹಾಳೆಯ ಬಿಳುಪೇ. ಎಲ್ಲಿ ಬಿಡಬೇಕೆಂದು ಮೊದಲೇ ಗೊತ್ತಿರದಿದ್ದರೆ ಆಮೇಲೆ ತರಲು ಬರುವುದಿಲ್ಲ.

ಕರಡಿನ ಹಂತದಲ್ಲೇ ಮರಗಳನ್ನು ಕಡಿಮೆ ಮಾಡಬೇಕು. ಫೋಟೋದಲ್ಲಿ ಮೂವತ್ತು ನಲವತ್ತು ಕಾಂಡಗಳಿರಬಹುದು. ಚಿತ್ರಕ್ಕೆ ಐದಾರು ಸಾಕು. ಅವುಗಳ ನಡುವಿನ ಅಂತರ ಒಂದೇ ಸಮನಾಗಿರಬಾರದು, ದಪ್ಪವೂ ಅಷ್ಟೆ. ಎಡದ ನಂದಿ ಮರ ಹಾಳೆಯ ಅಂಚಿಗೆ ಅಂಟಿಕೊಂಡಿದ್ದರೆ ಸ್ವಲ್ಪ ಒಳಕ್ಕೆ ಸರಿಸಬೇಕು. ವಾಲಿದ ಕಾಂಡ ನೆಟ್ಟಗಾಗಬೇಕು, ಕುಗ್ಗಿದ ದೂರದ ಸಾಲು ತುಸು ಎತ್ತರವಾಗಬೇಕು. ಇಷ್ಟು ಬದಲಾವಣೆ ಮಾಡಲು ಹಿಂಜರಿಯುವವರೇ ಹೆಚ್ಚು. ಚಿತ್ರ ಮುಗಿದ ಮೇಲೆ ಯಾರೂ ಅದನ್ನು ಫೋಟೋದ ಪಕ್ಕ ಇಟ್ಟು ತಾಳೆ ನೋಡುವುದಿಲ್ಲ.

ಫೋಟೋ ಯಾರದ್ದು ಎಂಬ ಪ್ರಶ್ನೆಯನ್ನೂ ಇಲ್ಲೇ ಬಗೆಹರಿಸಿಕೊಳ್ಳುವುದು ಒಳ್ಳೆಯದು. ಸ್ವಂತದ್ದಾದರೆ ಚಿಂತೆಯಿಲ್ಲ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ಫೋಟೋ ಯಾರದ್ದೂ ಅಲ್ಲ ಎಂಬ ಭಾವನೆ ಮಾತ್ರ ತಪ್ಪು. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವರ ಜೀವಿತಾವಧಿಯುದ್ದಕ್ಕೂ, ಅವರು ತೀರಿಕೊಂಡ ಮರುವರ್ಷದಿಂದ ಇನ್ನೂ 60 ವರ್ಷಗಳ ಕಾಲವೂ ಅದಕ್ಕೆ ರಕ್ಷಣೆ ಇದೆ. ಮನೆಯಲ್ಲಿ ಕಲಿಯಲು ಬಳಸುವುದು ಒಂದು ಮಾತು. ಚಿತ್ರವನ್ನು ಪ್ರದರ್ಶನಕ್ಕಿಡುವುದು, ಮಾರುವುದು ಬೇರೆಯೇ ಮಾತು. ಅಂಥ ಉದ್ದೇಶವಿದ್ದರೆ ಛಾಯಾಗ್ರಾಹಕರ ಅನುಮತಿ ಕೇಳಬೇಕು. ವಿಕಿಮೀಡಿಯ ಕಾಮನ್ಸ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಕಾಡಿನ ಫೋಟೋಗಳು ಬೇಕಾದಷ್ಟಿವೆ. ಪ್ರತಿ ಫೋಟೋದ ಕೆಳಗೆ ಷರತ್ತು ಬರೆದಿರುತ್ತದೆ, ಅದನ್ನು ಓದಿಕೊಂಡು ತೆಗೆದವರ ಹೆಸರನ್ನು ಚಿತ್ರದ ಜೊತೆ ಹಾಕಬೇಕು.

ಇನ್ನು ಸಾಮಗ್ರಿ. ಹಣ ಕಡಿಮೆಯಿದ್ದರೆ ಬಣ್ಣದಲ್ಲಿ ಉಳಿಸಬಹುದು, ಕಾಗದದಲ್ಲಿ ಉಳಿಸಬಾರದು. ಕಲಿಯುವವರಿಗೆ ಕ್ಯಾಮೆಲ್ ಟ್ಯೂಬುಗಳು ಸಾಕು. ಪೋಸ್ಟರ್ ಕಲರ್ ಮಾತ್ರ ಬೇಡ, ಅದು ಅಪಾರದರ್ಶಕ. ಕಾಗದ 300 ಜಿಎಸ್‌ಎಂ ದಪ್ಪದ್ದು, ನೂರಕ್ಕೆ ನೂರು ಹತ್ತಿಯದು, ‘ಕೋಲ್ಡ್ ಪ್ರೆಸ್’ ಅಂದರೆ ಮಿತವಾದ ಒರಟುತನದ್ದು ಇರಲಿ. ಇಂಥ ಕಾಗದ ಮಾಡುವ ಫ್ರಾನ್ಸಿನ ಆರ್ಶ್ ಗಿರಣಿಯ ಚರಿತ್ರೆ 1492ರಿಂದ ಶುರುವಾಗುತ್ತದೆ. ಆ ಕಾಗದಕ್ಕೆ ಜೆಲಟಿನ್ ಸರಿ (ಸೈಜಿಂಗ್) ಹಾಕಿರುವುದರಿಂದ ಅದು ನೀರನ್ನು ಒಮ್ಮೆಲೇ ಹೀರುವುದಿಲ್ಲ, ಉಜ್ಜಿದರೂ ಸುಲಭಕ್ಕೆ ಏಳುವುದಿಲ್ಲ. ಬೆಲೆ ಜಾಸ್ತಿ. ಪೂರ್ತಿ ಹಾಳೆ 22 × 30 ಇಂಚು; ಅದನ್ನು ನಾಲ್ಕು ಮಾಡಿಕೊಂಡರೆ 11 × 15 ಇಂಚಿನ ತುಂಡುಗಳು. ಮೊದಲ ಕಾಡಿಗೆ ಅದೇ ಸರಿಯಾದ ಅಳತೆ. ಮಲೆನಾಡು, ಕರಾವಳಿಯವರಿಗೆ ಒಂದು ಎಚ್ಚರಿಕೆ ಹೇಳಬೇಕು: ತೇವದಲ್ಲಿ ಇಟ್ಟ ಕಾಗದದ ಸರಿ ಅಲ್ಲಲ್ಲಿ ಸತ್ತುಹೋಗುತ್ತದೆ. ಬಣ್ಣ ಹಾಕಿದಾಗ ಆ ಜಾಗದಲ್ಲಿ ಮಾತ್ರ ಒತ್ತುಕಾಗದಕ್ಕೆ ಇಳಿದ ಶಾಯಿಯ ಹಾಗೆ ಕಲೆ ಕೂರುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಬೇಕು.

ಬಣ್ಣಗಳು ಆರು: ಅಲ್ಟ್ರಾಮರೀನ್ ನೀಲಿ, ಪ್ರಷ್ಯನ್ ಅಥವಾ ಥ್ಯಾಲೋ ನೀಲಿ, ಲೆಮನ್ ಹಳದಿ, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಕ್ವಿನಾಕ್ರಿಡೋನ್ ರೋಸ್. ಪಟ್ಟಿಯಲ್ಲಿ ಹಸಿರು ಇಲ್ಲದಿರುವುದು ಬೇಕೆಂದೇ. ಟ್ಯೂಬಿನಿಂದ ನೇರವಾಗಿ ಬಂದ ಹಸಿರು ಕಾಡಿನ ಚಿತ್ರವನ್ನು ಕೆಡಿಸುವಷ್ಟು ಬೇರೆ ಯಾವುದೂ ಕೆಡಿಸುವುದಿಲ್ಲ. ಸ್ಯಾಪ್ ಗ್ರೀನ್ ಒಂದು ಕಾಲದಲ್ಲಿ ಬಕ್‌ಥಾರ್ನ್ ಗಿಡದ ಹಣ್ಣಿನ ರಸದಿಂದ ಬರುತ್ತಿದ್ದ, ಬೇಗ ಮಾಸುತ್ತಿದ್ದ ಬಣ್ಣ. ಇಂದು ಆ ಹೆಸರಿನಲ್ಲಿ ಮಾರುವುದು ಬೇರೆಬೇರೆ ವರ್ಣದ್ರವ್ಯಗಳ ಮಿಶ್ರಣ, ಕಂಪನಿಯಿಂದ ಕಂಪನಿಗೆ ಬೇರೆ. ಟ್ಯೂಬಿನ ಮೇಲಿನ ಸಣ್ಣ ಸಂಕೇತ ನೋಡುವ ಅಭ್ಯಾಸ ಮಾಡಿಕೊಂಡರೆ ಈ ಗೊಂದಲ ತಪ್ಪುತ್ತದೆ. ಪಿಬಿ 29 ಎಂದಿದ್ದರೆ ಯಾವ ಕಂಪನಿಯದಾದರೂ ಅದು ಅಲ್ಟ್ರಾಮರೀನ್. ಪಿಆರ್ 83 ಎಂದಿದ್ದರೆ ಹಳೆಯ ಅಲಿಜರಿನ್ ಕ್ರಿಮ್ಸನ್, ಬೆಳಕಿಗೆ ಮಾಸುವಂಥದ್ದು.

ಹಸಿರನ್ನು ಹೀಗೆ ಮಾಡಿಕೊಳ್ಳಬಹುದು. ಲೆಮನ್ ಹಳದಿಗೆ ಥ್ಯಾಲೋ ಅಥವಾ ಪ್ರಷ್ಯನ್ ನೀಲಿ ತುಸುವೇ ಸೋಕಿಸಿದರೆ ಬಿಸಿಲು ಹಾದುಬಂದ ಎಲೆಯ ಹಸಿರು. ಅದೇ ಹಳದಿಗೆ ಅಲ್ಟ್ರಾಮರೀನ್ ಸೇರಿಸಿದರೆ ಕೊಂಚ ಮಂಕಾದ, ಕಣ್ಣಿಗೆ ಹಿತವಾದ ಹಸಿರು, ಏಕೆಂದರೆ ಅಲ್ಟ್ರಾಮರೀನ್‌ನಲ್ಲಿ ಕೆಂಪಿನ ಒಲವಿದೆ. ಓಕರ್ ಜೊತೆಗಾದರೆ ಒಣಹುಲ್ಲಿನ ಕಡೆಗೆ ವಾಲುತ್ತದೆ. ಪ್ರಷ್ಯನ್ ಅಥವಾ ಥ್ಯಾಲೋ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಸೇರಿದರೆ ಮೆಳೆಯ ಬುಡದ ಕಡುಗತ್ತಲು. ಕಪ್ಪು ಬಣ್ಣದ ಟ್ಯೂಬಿನ ಅಗತ್ಯವೇ ಬೀಳುವುದಿಲ್ಲ. ಅಲ್ಟ್ರಾಮರೀನ್, ರೋಸ್, ಚೂರು ಓಕರ್ ಮತ್ತು ಬಹಳ ನೀರು ಸೇರಿದರೆ ಮಂಜಿನಾಚೆಯ ಮರಗಳ ಬೂದುನೀಲಿ. ಯಾವ ಹಸಿರು ಕಿರುಚುತ್ತಿದೆ ಅನ್ನಿಸಿದರೂ ಸಿಯೆನ್ನಾದ ಒಂದು ಹನಿ ಅದನ್ನು ತಣಿಸುತ್ತದೆ. ಬೇಸಿಗೆಯ ಫೋಟೋ ಆಗಿದ್ದರೆ ರೋಸ್ ಇನ್ನೂ ಹೆಚ್ಚು ಬೇಕು: ಮಾರ್ಚ್ ಹೊತ್ತಿಗೆ ಸಾಗಡೆ ಮರದ ಚಿಗುರು ಪೂರಾ ಕೆಂಪು. ಕಾಡೆಂದರೆ ಹಸಿರು ಎಂದು ಕುಂಚ ಹಿಡಿದವರಿಗೆ ಆ ಕೆಂಪು ಕಾಣುವುದೇ ಇಲ್ಲ.

ಹಾಳೆಯನ್ನು ಹಲಗೆಗೆ ಟೇಪಿನಿಂದ ಅಂಟಿಸಿ, 2ಬಿ ಪೆನ್ಸಿಲಿನಲ್ಲಿ ತೆಳುವಾಗಿ ಗೆರೆ ಹಾಕಬೇಕು. ಗೆರೆ ಕಾಂಡಗಳಿಗೆ, ದಾರಿಗೆ, ಮೆಳೆಯ ಹೊರ ಆಕಾರಕ್ಕೆ ಮಾತ್ರ. ರಬ್ಬರನ್ನು ಒತ್ತಿ ಉಜ್ಜಿದರೆ ಕಾಗದದ ಮೈ ಎದ್ದು, ಬಣ್ಣ ಅಲ್ಲಿ ಕೊಳೆಯಾಗಿ ಕೂರುತ್ತದೆ.

ಮೊದಲ ವಾಶ್, ಅಂದರೆ ತೆಳು ಬಣ್ಣದ ಲೇಪ, ದೂರದ್ದು. ನಂದಿಯ ಕಾಂಡ ಮತ್ತು ದಾರಿಯ ಬೆಳಕಿನ ಭಾಗ ಬಿಟ್ಟು ಉಳಿದ ಮೇಲ್ಭಾಗವನ್ನು ಶುದ್ಧ ನೀರಿನಿಂದ ಒದ್ದೆ ಮಾಡಿ, ದಾರಿಯ ತಿರುವಿನ ಸುತ್ತ ಓಕರ್‌ನ ಬಹಳ ತೆಳು ಲೇಪ, ಅದರಿಂದಾಚೆಗೆ ಬೂದುನೀಲಿ, ಹಾಳೆಯ ಅಂಚುಗಳ ಕಡೆಗೆ ಮಂಕು ಹಸಿರು. ಎಲ್ಲವೂ ಒಂದರೊಳಗೊಂದು ಕರಗಬೇಕು. ಒದ್ದೆಯಲ್ಲಿ ಎಷ್ಟು ಗಟ್ಟಿಯ ಬಣ್ಣ ಹಾಕಬೇಕು ಎಂಬಲ್ಲಿಯೇ ಬಹಳ ಮಂದಿ ಸೋಲುತ್ತಾರೆ. ಆಸ್ಟ್ರೇಲಿಯಾದ ಜಲವರ್ಣ ಕಲಾವಿದ ಜೋಸೆಫ್ ಜ್ಬುಕ್ವಿಚ್ ಇದಕ್ಕೆ ಒಂದು ಲೆಕ್ಕ ಕಲಿಸಿದ್ದಾರೆ. ಬಣ್ಣದ ಹದವನ್ನು ಚಹಾ, ಕಾಫಿ, ಹಾಲು, ಕೆನೆ, ಬೆಣ್ಣೆ ಎಂದು ಐದಾಗಿಯೂ, ಹಾಳೆಯ ತೇವವನ್ನು ಒಣಗಿದ್ದರಿಂದ ಪೂರಾ ಒದ್ದೆಯವರೆಗೆ ನಾಲ್ಕಾಗಿಯೂ ವಿಂಗಡಿಸಿ, ಯಾವ ಹಾಳೆಗೆ ಯಾವ ಹದ ಎಂದು ಗಡಿಯಾರದ ಮುಳ್ಳುಗಳಂತೆ ಜೋಡಿಸುವ ಲೆಕ್ಕ ಅದು. ಅದರಿಂದ ಹೊರಡುವ ನಿಯಮ ಒಂದೇ: ಹಾಳೆಯ ಮೇಲಿರುವ ಬಣ್ಣಕ್ಕಿಂತ ಕುಂಚದಲ್ಲಿರುವುದು ಗಟ್ಟಿಯಾಗಿರಬೇಕು. ತೆಳುವಾಗಿದ್ದರೆ ನೀರು ಅಲ್ಲಿದ್ದ ಬಣ್ಣವನ್ನು ತಳ್ಳಿ ಹೂಕೋಸಿನ ಅಂಚಿನಂಥ ಕಲೆ ಮೂಡಿಸುತ್ತದೆ.

ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ತೇವ ಗೊತ್ತಾಗುತ್ತದೆ. ಹೊಳೆಯುತ್ತಿರುವಾಗ ಧೈರ್ಯವಾಗಿ ಬಣ್ಣ ಸೇರಿಸಬಹುದು. ಹೊಳಪು ಮಂಕಾಗತೊಡಗಿದಾಗ ದೂರದ ಕಾಂಡಗಳನ್ನು ಗಟ್ಟಿ ಬಣ್ಣದಲ್ಲಿ ಒಂದೊಂದೇ ಎಳೆತದಲ್ಲಿ ಹಾಕಿದರೆ ಅಂಚು ಮಸುಕಾಗಿ ಮಂಜಿನೊಳಗೆ ನಿಂತಂತೆ ಕಾಣುತ್ತವೆ. ಅದಾದ ಮೇಲೆ ಕೈ ಹಿಂದೆಗೆಯಬೇಕು, ಪೂರಾ ಒಣಗುವತನಕ. ಕಲಬುರಗಿಯ ಏಪ್ರಿಲ್‌ನಲ್ಲಿ ಈ ಅವಕಾಶ ಕೆಲವೇ ನಿಮಿಷ. ಅಲ್ಲಿನವರು ಹಾಳೆಯ ಎರಡೂ ಬದಿ ಒದ್ದೆ ಮಾಡಿಕೊಂಡು ಬೆಳಿಗ್ಗೆಯೇ ಕೂರುವುದು ಮೇಲು. ಮಡಿಕೇರಿಯ ಜುಲೈನಲ್ಲಿ ಹೇರ್ ಡ್ರೈಯರ್ ಇಲ್ಲದೆ ನಡೆಯುವುದಿಲ್ಲ. ಜಲವರ್ಣ ಒಣಗಿದ ಮೇಲೆ ಒಂದು ಛಾಯೆ ತಿಳಿಯಾಗುವುದರಿಂದ ಒದ್ದೆಯಲ್ಲಿ ಸ್ವಲ್ಪ ಹೆಚ್ಚಾಯಿತು ಅನ್ನಿಸಿದ್ದೇ ಸಾಮಾನ್ಯವಾಗಿ ಸರಿಯಾದ ಪ್ರಮಾಣ.

ಮಂಜು, ಮೋಡ, ಗುಡ್ಡಗಳನ್ನು ಜಲವರ್ಣದಲ್ಲಿ ಹಿಡಿಯುವುದನ್ನು ಕಲಿಯಲು ನಮ್ಮವರದ್ದೇ ದೊಡ್ಡ ಪಾಠವಿದೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ಕೆ. ವೆಂಕಟಪ್ಪ (1886–1965) ಊಟಿ, ಕೊಡೈಕೆನಾಲ್‌ಗಳ ನಿಸರ್ಗಚಿತ್ರಗಳನ್ನು ಜಲವರ್ಣದಲ್ಲಿ ಬರೆದರು. ಅವರ ಕೃತಿಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರದೇ ಹೆಸರಿನಲ್ಲಿರುವ ಕಲಾ ಗ್ಯಾಲರಿಯ ಸಂಗ್ರಹದಲ್ಲಿವೆ. ರುಮಾಲೆ ಚನ್ನಬಸವಯ್ಯ (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದವರು. ಒಬ್ಬರದು ನಿಖರ ಗೆರೆ, ಇನ್ನೊಬ್ಬರದು ಬಣ್ಣದ ಸಂಭ್ರಮ. ಇಬ್ಬರೂ ಕಣ್ಣಾರೆ ಕಂಡು ಬರೆದವರು. ಫೋಟೋ ಇಟ್ಟುಕೊಂಡು ಕೂರುವವರು ಇವರ ಚಿತ್ರಗಳನ್ನು ಹತ್ತಿರದಿಂದ ನೋಡಲೇಬೇಕು, ಕಣ್ಣು ಏನನ್ನು ಉಳಿಸಿಕೊಳ್ಳುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ.

ಒಣಗಿದ ಮೇಲೆ ನಡುವಣ ಮರಗಳು. ಇಲ್ಲಿ ಕಾಂಡವನ್ನು ಬರೆಯುವ ಬದಲು ಕಾಂಡದ ಹಿಂದಿನ ಕತ್ತಲನ್ನು ಬರೆಯುವ ಕ್ರಮವೊಂದಿದೆ. ನಂದಿಯ ಎರಡೂ ಪಕ್ಕ ಗಾಢ ಹಸಿರು ಇಳಿಸಿದರೆ ಬಿಳಿ ಕಾಂಡ ತಾನಾಗಿ ಮುಂದೆ ಬರುತ್ತದೆ. ಇದಕ್ಕೆ ನೆಗೆಟಿವ್ ಪೇಂಟಿಂಗ್ ಎನ್ನುತ್ತಾರೆ. ಕಾಡಿನ ಚಿತ್ರದಲ್ಲಿ ಇದಿಲ್ಲದೆ ಆಗುವುದೇ ಇಲ್ಲ. ಆ ಹಸಿರೂ ಒಂದೇ ಬಣ್ಣದ ಪಟ್ಟಿ ಆಗಬಾರದು. ಹಾಳೆಯ ಮೇಲೆಯೇ ನೀಲಿ, ಸಿಯೆನ್ನಾ, ಹಳದಿಗಳನ್ನು ಪಕ್ಕಪಕ್ಕ ಬಿಟ್ಟು ಬೆರೆಯಗೊಡಬೇಕು.

ನಂದಿಯ ತೊಗಟೆ ಹತ್ತಿರದಿಂದ ನೋಡುವಂಥದ್ದು. ತೆಳ್ಳಗೆ ಚಕ್ಕೆಚಕ್ಕೆಯಾಗಿ ಕಳಚುತ್ತದೆ. ಕಳಚಿದ ಜಾಗ ಒಂದು ಬಣ್ಣ, ಕಳಚದ್ದು ಇನ್ನೊಂದು. ಮೊದಲು ಕಾಂಡಕ್ಕೆಲ್ಲ ಓಕರ್ ಮತ್ತು ರೋಸ್‌ನ ಅತಿ ತೆಳು ಲೇಪ ಕೊಟ್ಟು, ಬಿಸಿಲು ಬೀಳುವ ಅಂಚನ್ನು ಬರಿ ಹಾಳೆಯಾಗಿ ಬಿಡಬೇಕು. ಅದು ಇನ್ನೂ ತೇವವಿರುವಾಗಲೇ ನೆರಳ ಬದಿಗೆ ಅಲ್ಟ್ರಾಮರೀನ್–ಸಿಯೆನ್ನಾದ ಬೂದು. ನೆರಳಿನ ತುದಿಯಲ್ಲಿ ಸುತ್ತಲಿನ ಎಲೆಗಳಿಂದ ಬಂದ ಹಸಿರು ಬೆಳಕು ತುಸು ಸೇರಬೇಕು. ಫೋಟೋದಲ್ಲಿ ಇದು ಕಾಣಿಸದಿರಬಹುದು, ಕಾಡಿನಲ್ಲಿ ಇದ್ದೇ ಇರುತ್ತದೆ. ಒಣಗಿದ ಮೇಲೆ ಚಕ್ಕೆಗಳ ಕೆಲವು ಅಂಚುಗಳು, ಅದೂ ಬೆಳಕು ನೆರಳು ಕೂಡುವ ಜಾಗದಲ್ಲಿ ಮಾತ್ರ.

ಮತ್ತಿಯದು ಇದಕ್ಕೆ ಪೂರಾ ವಿರುದ್ಧ. ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಸೀಳಿದ ತೊಗಟೆ. ಇಂಗ್ಲಿಷಿನಲ್ಲಿ ಅದಕ್ಕೆ ಕ್ರೊಕೊಡೈಲ್ ಬಾರ್ಕ್ ಎಂದೇ ಹೆಸರಿದೆ. ಇಲ್ಲಿ ಒಣಕುಂಚ ಕೆಲಸ ಮಾಡುತ್ತದೆ. ಗಟ್ಟಿ ಬಣ್ಣ ತೆಗೆದುಕೊಂಡು, ಹೆಚ್ಚಿನ ನೀರನ್ನು ಬಟ್ಟೆಗೆ ಒರೆಸಿ, ಕುಂಚದ ಮಗ್ಗುಲನ್ನು ಹಾಳೆಯ ಮೇಲೆ ಬೇಗ ಎಳೆದರೆ ಕಾಗದದ ಉಬ್ಬುಗಳಿಗೆ ಮಾತ್ರ ಬಣ್ಣ ಹತ್ತುತ್ತದೆ. ಬಿದಿರಿಗೆ ಬೇರೆ ಉಪಾಯ. ಮೆಳೆಯ ಗಾಢ ವಾಶ್ ಅರೆ ಆರಿದಾಗ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಬುಡದಿಂದ ಮೇಲಕ್ಕೆ ಕೆರೆದರೆ ಬಣ್ಣ ಪಕ್ಕಕ್ಕೆ ಸರಿದು ತಿಳಿ ಗಳುಗಳು ಮೂಡುತ್ತವೆ. ಹೀಗೆ ಕೆರೆದು ಬೆಳಕು ತೆಗೆಯಲೆಂದೇ ಇಂಗ್ಲೆಂಡಿನ ಕಲಾವಿದ ಟರ್ನರ್ ಹೆಬ್ಬೆರಳಿನ ಉಗುರನ್ನು ಬಳಸುತ್ತಿದ್ದರು. ಬೇಗ ಕೆರೆದರೆ ಬಣ್ಣ ಗೀರಿನೊಳಗೆ ಹರಿದು ಗೆರೆ ಕಪ್ಪಾಗುತ್ತದೆ. ತಡವಾದರೆ ಏನೂ ಏಳುವುದಿಲ್ಲ. ಪಕ್ಕದಲ್ಲೊಂದು ಚೂರು ಕಾಗದದ ಮೇಲೆ ಹದ ನೋಡಿಕೊಂಡೇ ಮುಟ್ಟಬೇಕು. ಮಾಸ್ಕಿಂಗ್ ಫ್ಲೂಯಿಡ್ ಬಳಸುವವರೂ ಇದ್ದಾರೆ. ಅದು ರಬ್ಬರಿನ ಹಾಲು. ನಮ್ಮ ಸೆಕೆಯಲ್ಲಿ ದಿನಗಟ್ಟಲೆ ಬಿಟ್ಟರೆ, ಡ್ರೈಯರ್ ಬಿಸಿ ತಾಗಿಸಿದರೆ, ಕಾಗದವನ್ನೇ ಕಿತ್ತುಕೊಂಡು ಬರುತ್ತದೆ.

ಎಲೆಗಳನ್ನು ಒಂದೊಂದಾಗಿ ಬರೆಯಬಾರದು. ಎಲೆಗಳ ಗುಂಪು ಬರೆದು, ಗುಂಪಿನ ಹೊರ ಅಂಚಿನಲ್ಲಿ ಮಾತ್ರ ನಾಲ್ಕಾರು ಎಲೆ ತೋರಿಸಿದರೆ ಉಳಿದದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ. ಗುಂಪುಗಳ ನಡುವೆ ಆಕಾಶ ಇಣುಕುವ ಕಿಂಡಿಗಳು ಬಯಲಿನ ಆಕಾಶಕ್ಕಿಂತ ತುಸು ಗಾಢವಾಗಿರಲಿ, ಇಲ್ಲವಾದರೆ ಅವು ಹಾಳೆಗೆ ಚುಚ್ಚಿದ ತೂತುಗಳಾಗುತ್ತವೆ.

ಕೊನೆಗೆ ದಾರಿ. ಕೆಮ್ಮಣ್ಣಿಗೆ ಸಿಯೆನ್ನಾ ಮತ್ತು ರೋಸ್‌ನ ತಿಳಿ ವಾಶ್. ಅದರ ಮೇಲೆ ಮರಗಳ ನೆರಳು, ಅಲ್ಟ್ರಾಮರೀನ್‌ಗೆ ಚೂರು ರೋಸ್ ಸೇರಿಸಿ, ಒಂದೇ ಸಲಕ್ಕೆ. ನೆರಳಿನ ನಡುವೆ ಬಿಸಿಲ ಮಚ್ಚೆಗಳನ್ನು ಬಿಡುವಾಗ ಬಹಳ ಜನ ಎಲೆಯಾಕಾರ, ತ್ರಿಕೋನ, ಚೂಪುಚೂರು ಬಿಡುತ್ತಾರೆ. ಅದು ಸರಿಯಲ್ಲ. ಎಲೆಗಳ ನಡುವಿನ ಸಣ್ಣ ಸಂದಿ ಯಾವ ಆಕಾರದ್ದಾದರೂ ನೆಲದ ಮೇಲೆ ಬೀಳುವುದು ಸೂರ್ಯನ ಬಿಂಬ, ಹಾಗಾಗಿ ದುಂಡಗೆ. ಬಿಸಿಲು ಓರೆಯಾದಾಗ ಉದ್ದನೆಯ ಮೊಟ್ಟೆಯಾಕಾರ. ಅಳತೆಯೂ ಗೊತ್ತು: ಸೂರ್ಯ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲ ಇರುವುದರಿಂದ 11 ಮೀಟರ್ ದೂರದ ಸಂದಿಯಿಂದ ಬಂದ ಮಚ್ಚೆ ಸುಮಾರು 10 ಸೆಂಟಿಮೀಟರ್ ಅಗಲ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಾಗರಹೊಳೆಯ ಅಂಚಿನ ಕುಟ್ಟದಲ್ಲಿ ಪೂರ್ತಿ ಬಳೆಯಾಗಿ ಕಂಡಿತ್ತು. ಅಂಥ ಹೊತ್ತಿನಲ್ಲಿ ಮರದಡಿಯ ಮಚ್ಚೆಗಳೂ ಬಳೆಗಳೇ ಆಗುತ್ತವೆ. ಚಿತ್ರದಲ್ಲಿ ದೂರದ ಮಚ್ಚೆ ತೆಳ್ಳಗೆ, ಒತ್ತೊತ್ತಾಗಿ. ಹತ್ತಿರದ್ದು ಅಗಲವಾಗಿ, ಬಿಡಿಬಿಡಿಯಾಗಿ. ಇಷ್ಟು ಪಾಲಿಸಿದರೆ ದಾರಿ ನೆಲಕ್ಕೆ ಅಂಟಿಕೊಂಡು ಮಲಗುತ್ತದೆ.

ಇಷ್ಟಾದಾಗ ಫೋಟೋವನ್ನು ಮುಚ್ಚಿಡಬೇಕು. ಇನ್ನು ಉಳಿದ ಕೆಲಸ ಏನು ಎಂಬುದನ್ನು ಹಾಳೆಯೇ ಹೇಳಬೇಕು. ಫೋಟೋ ಎದುರಿಗಿದ್ದರೆ ಬಿಟ್ಟ ಪೊದೆ, ಬಿಟ್ಟ ಕೊಂಬೆಗಳೆಲ್ಲ ಕರೆಯುತ್ತವೆ, ಸೇರಿಸಿದಷ್ಟೂ ಚಿತ್ರ ಕೆಸರಾಗುತ್ತದೆ. ಒಂದೇ ಜಾಗದಲ್ಲಿ ಮೂರು ನಾಲ್ಕು ಲೇಪ ದಾಟಿದರೆ ಹಾಳೆಯ ಬಿಳುಪು ಒಳಗಿಂದ ಬೆಳಗುವುದನ್ನು ನಿಲ್ಲಿಸುತ್ತದೆ. ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ, ಅತಿ ಗಾಢವಾದದ್ದು ಮತ್ತು ಅತಿ ಬೆಳಕಿನದ್ದು ನಂದಿಯ ಕಾಂಡದ ಹತ್ತಿರವೇ ಕೂಡುತ್ತವೆಯೇ ಎಂದು ಪರೀಕ್ಷಿಸಬೇಕು. ಕೂಡದಿದ್ದರೆ ಅಲ್ಲಿ ಒಂದೆರಡು ಗಾಢ ಎಳೆತ ಹಾಕಿ ಕುಂಚ ತೊಳೆದಿಡುವುದು.

ಮುಂದಿನ ಸಲ ಕಾಡಿಗೆ ಹೋದಾಗ ಒಂದೇ ನೋಟಕ್ಕೆ ಮೂರು ಫೋಟೋ ತೆಗೆಯಿರಿ: ನೆರಳನ್ನು ಮುಟ್ಟಿ ಬೆಳಕು ಹೊಂದಿಸಿದ್ದು ಒಂದು, ಆಕಾಶವನ್ನು ಮುಟ್ಟಿ ಹೊಂದಿಸಿದ್ದು ಒಂದು, ಜೂಮ್ ಮಾಡಿ ದೂರದ ಮರಗಳದ್ದು ಒಂದು. ತೆಗೆದ ಕೂಡಲೇ ಮೊಬೈಲ್ ಕೆಳಗಿಟ್ಟು, ನೆರಳು ನೀಲಿಯೋ ನೇರಳೆಯೋ, ದೂರದ ಮರ ಎಷ್ಟು ಮಾಸಿದೆ, ಬಿಸಿಲು ಯಾವ ಕಡೆಯಿಂದ ಬರುತ್ತಿದೆ ಎಂದು ನಾಲ್ಕು ಸಾಲು ಬರೆದುಕೊಳ್ಳಿ. ಮನೆಗೆ ಬಂದು ಚಿತ್ರಕ್ಕೆ ಕೂತಾಗ ಮೂರು ಫೋಟೋಗಳಿಗಿಂತ ಆ ನಾಲ್ಕು ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತವೆ.